ಬಾಗಿಲ ಹೊರಗೆ ನಿಂತವನ ಸಿನಿಮಾ

ನಾನು ಅತಿ ಹೆಚ್ಚು ಸಲ ನೋಡಿದ ಸಿನಿಮಾ ಯಾವುದೆಂದು ಯಾರಾದರೂ ಕೇಳಿದರೆ ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ಅದು ಒಂದು ಹಳೆಯ ಇಂಗ್ಲಿಷ್ ಭೂತದ ಸಿನಿಮಾ. ಭೂತ ಅಂದರೆ ನಮ್ಮ ಕಡೆ ಕೋಲ ಕೊಟ್ಟು ಕೈಮುಗಿಯುವ ದೈವ, ಆ ಪದವನ್ನು ಹಗುರವಾಗಿ ಆಡುವಂತಿಲ್ಲ. ಆದ್ದರಿಂದ ತಿದ್ದಿ ಹೇಳುತ್ತೇನೆ: ಹೆದರಿಸುವ ಸಿನಿಮಾ, ಕತೆ ನಡೆಯುವುದು ಭೂಮಿಯಿಂದ ಬಹಳ ದೂರದ ಒಂದು ಗ್ರಹದಲ್ಲಿ. ಮೂವತ್ತು ಸಲವಾದರೂ ನೋಡಿದ್ದೇನೆ. ಮದುವೆಯ ಆಲ್ಬಮ್ಮನ್ನು ಅಷ್ಟು ಸಲ ನೋಡಿಲ್ಲ.

ನನ್ನ ಕೆಲಸ ಮೂಡುಬಿದಿರೆಯ ಒಂದು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ. ಬೆಳ್ತಂಗಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಉಪಕರಣಗಳನ್ನು ಎಣಿಸಿ ಕೊಡುವುದು, ಎಣಿಸಿ ವಾಪಸು ತೆಗೆದುಕೊಳ್ಳುವುದು, ಮೀಟರು ಸುಟ್ಟರೆ ಸುಟ್ಟವರು ಯಾರೆಂದು ಪತ್ತೆ ಹಚ್ಚುವುದು. ಇಪ್ಪತ್ತನಾಲ್ಕು ವರ್ಷ ಇದನ್ನೇ ಮಾಡಿ ತಪ್ಪು ಹುಡುಕುವುದು ನನಗೆ ಚಾಳಿಯಾಗಿಬಿಟ್ಟಿದೆ. ಈ ಸಿನಿಮಾದಲ್ಲಿ ತಪ್ಪುಗಳಿಗೆ ಬರವಿಲ್ಲ. ಆ ಗ್ರಹದಲ್ಲಿ ಗಾಳಿಯೇ ಇಲ್ಲವೆಂದು ಮೊದಲ ದೃಶ್ಯದಲ್ಲಿ ಒಬ್ಬ ಗಂಭೀರವಾಗಿ ಹೇಳುತ್ತಾನೆ. ಎರಡನೆಯ ದೃಶ್ಯದಲ್ಲಿ ಗಾಳಿ ಊಳಿಡುತ್ತ ಧೂಳು ಎಬ್ಬಿಸುತ್ತದೆ. ಆಕಾಶದಲ್ಲಿ ಎರಡು ಸೂರ್ಯರು, ನೆಲದಲ್ಲಿ ಮಾತ್ರ ಒಂದೇ ನೆರಳು. ಇಷ್ಟೆಲ್ಲ ಗೊತ್ತಿದ್ದೂ ನನಗೆ ಆ ಸಿನಿಮಾದ ಮೇಲೆ ಸಿಟ್ಟು ಬರುವುದಿಲ್ಲ. ವಿದ್ಯಾರ್ಥಿಗಳು ಇದರ ಹತ್ತರಲ್ಲಿ ಒಂದು ಪಾಲು ತಪ್ಪು ಮಾಡಿದರೂ ನಾನು ಬಿಡುವವಳಲ್ಲ.

ಕತೆ ದೊಡ್ಡದೇನಲ್ಲ. ಆ ಗ್ರಹದಲ್ಲಿ ಏಳು ಮಂದಿ ಇರುವ ಒಂದು ಠಾಣೆ. ಅವರಲ್ಲಿ ಒಬ್ಬ ಹೊರಗಿನ ಕಂಬ ರಿಪೇರಿ ಮಾಡಲು ಹೋದವನು ಧೂಳಿನಲ್ಲಿ ಕಾಣೆಯಾಗುತ್ತಾನೆ. ಎರಡು ದಿನ ಪತ್ತೆಯಿಲ್ಲ. ಮೂರನೆಯ ದಿನ ಬಂದು ಬಾಗಿಲು ತಟ್ಟುತ್ತಾನೆ. ಒಳಗೆ ಕರೆದುಕೊಳ್ಳುತ್ತಾರೆ. ಅವನಲ್ಲಿ ಯಾವ ದೋಷವೂ ಇಲ್ಲ. ಎಲ್ಲರ ಹೆಸರು ನೆನಪಿದೆ, ಅರ್ಧಕ್ಕೆ ನಿಂತ ಇಸ್ಪೀಟಾಟದಲ್ಲಿ ಯಾರ ಸರದಿ ಎಂಬುದೂ ನೆನಪಿದೆ, ಚಹಾಕ್ಕೆ ಹಿಂದಿನಷ್ಟೇ ಸಕ್ಕರೆ. ಆದರೆ ಠಾಣೆಯೊಳಗೆ ಬೆಳೆಸಿದ ಚಟ್ಟಿಯ ಗಿಡಗಳೆಲ್ಲ ಅವನು ಕೂತ ಕಡೆಗೆ ಮೆಲ್ಲನೆ ಬಾಗುತ್ತವೆ. ಅವನನ್ನು ಮದುವೆಯಾಗಬೇಕಿದ್ದ ಡಾಕ್ಟರ್ ಹೆಂಗಸು ಅದನ್ನು ಮೊದಲು ಗಮನಿಸುತ್ತಾಳೆ. ಆಮೇಲೆ ಅವನ ಜೊತೆ ಹೊರಗೆ ಹೋದವರು ಒಬ್ಬೊಬ್ಬರೇ ಕಾಣೆಯಾಗುತ್ತಾರೆ. ಕೊನೆಗೆ ಒಳಗೆ ಅವಳೊಬ್ಬಳು, ಹೊರಗೆ ಅವನೊಬ್ಬ, ನಡುವೆ ಕಬ್ಬಿಣದ ಬಾಗಿಲು. ಚಳಿಯಾಗುತ್ತಿದೆ, ತೆಗೆ ಎಂದು ಅವನು ಸಮಾಧಾನದಲ್ಲಿ ಕೇಳುತ್ತಾನೆ. ಅವಳ ಕೈ ಚಿಲಕದ ಮೇಲಿದೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ.

ಈ ಸಿನಿಮಾ ನಮ್ಮ ಮನೆಗೆ ಬಂದದ್ದು ಒಂದು ತಪ್ಪು ತಿಳುವಳಿಕೆಯಿಂದ. ನನ್ನ ಗಂಡ ಮುಂಡಾಜೆಯವರು, ನಾನು ಬಂಟ್ವಾಳದವಳು. ಇವರು ಗಲ್ಫಿನ ಮರುಭೂಮಿಯಲ್ಲಿದ್ದ ಒಂದು ತೈಲ ಕಂಪೆನಿಯ ಕ್ಯಾಂಪಿನಲ್ಲಿ ಎ.ಸಿ. ಮೆಕ್ಯಾನಿಕ್ ಆಗಿದ್ದರು. ನಲ್ವತ್ತು ದಿನದ ರಜೆಯಲ್ಲಿ ಬಂದು, ಹೆಣ್ಣು ನೋಡಿ, ಮದುವೆಯಾಗಿ ಮುಗಿಯುವಾಗ ಉಳಿದದ್ದು ಹದಿನೆಂಟು ದಿನ. ಬರುವಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ವಿಸಿಆರ್ ತಂದಿದ್ದರು, ಜೊತೆಗೆ ಮೂರು ಕ್ಯಾಸೆಟ್. ಅದರಲ್ಲೊಂದರ ಹೊದಿಕೆಯ ಮೇಲೆ ಬಾಗಿಲಿನ ಆಚೆಗೆ ಗಂಡಸು, ಈಚೆಗೆ ಹೆಂಗಸು, ಇಬ್ಬರ ಮುಖದಲ್ಲೂ ದುಃಖ. ಇವರು ಅದನ್ನು ಪ್ರೇಮಕತೆ ಎಂದುಕೊಂಡು, ಹೊಸ ಹೆಂಡತಿಯ ಜೊತೆ ಕೂತು ನೋಡಬಹುದೆಂದು ತಂದಿದ್ದರು.

ಮದುವೆ ಕಳೆದು ಮೊದಲ ಭಾನುವಾರ, ಊಟವಾದ ಮೇಲೆ, ಮುಂಡಾಜೆಯ ಮನೆಯ ಚಾವಡಿಯಲ್ಲಿ ಕಿಟಿಕಿಗಳಿಗೆ ಹೊದಿಕೆ ಕಟ್ಟಿ ಸಿನಿಮಾ ಹಾಕಿದರು. ಗಂಡ ಹೆಂಡತಿ ಇಬ್ಬರೇ ನೋಡುವುದು ಎಲ್ಲಿಂದ ಬಂತು? ಹದಿನಾಲ್ಕು ಜನ ಕೂತಿದ್ದೆವು. ಅತ್ತೆ ಎಲ್ಲರಿಗಿಂತ ಮುಂದೆ, ಕುರ್ಚಿಯಲ್ಲಿ. ಪ್ರೇಮಕತೆ, ಅದೂ ಇಂಗ್ಲಿಷಿನದ್ದು, ಅತ್ತೆಯ ಬೆನ್ನ ಹಿಂದೆ ಕೂತು ನೋಡಬೇಕಲ್ಲ ಎಂದು ನಾನು ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದೆ. ಹತ್ತು ನಿಮಿಷದಲ್ಲಿ ಆ ಗಂಡಸು ಧೂಳಿನಲ್ಲಿ ಮಾಯವಾದ. ಮಕ್ಕಳು ಕಿರುಚಿಕೊಂಡವು. ಇವರ ಮುಖ ಇಂಗು ತಿಂದ ಮಂಗನಂತಾಯಿತು.

ಅತ್ತೆಗೆ ತುಳು ಬಿಟ್ಟರೆ ಸ್ವಲ್ಪ ಕನ್ನಡ ಬರುತ್ತಿತ್ತು, ಅಷ್ಟೇ. ಆದರೂ ಕತೆ ನಮಗೆಲ್ಲರಿಗಿಂತ ಮೊದಲು ಅರ್ಥವಾದದ್ದು ಅವರಿಗೆ. ತಿರುಗಿ ಬಂದವನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿ, ಸುತ್ತ ನಿಂತವರೆಲ್ಲ ಅವನು ಚಹಾ ಕುಡಿಯುವುದನ್ನೇ ನೋಡುವ ದೃಶ್ಯ ಬಂದಾಗ ಅವರು ಹೇಳಿದರು, "ಇವ ಗಲ್ಫಿಂದ ರಜೆಯಲ್ಲಿ ಬಂದವನ ಹಾಗೆ ಉಂಟು." ಎಲ್ಲರೂ ನಕ್ಕರು. ಇವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಆ ಹದಿನೆಂಟು ದಿನಗಳಲ್ಲಿ ನಾವು ಅದನ್ನು ಇನ್ನೂ ಎರಡು ಸಲ ನೋಡಿದೆವು. ಇವರಿಗೆ ಅದರ ಹುಚ್ಚು ಹಿಡಿದದ್ದಕ್ಕೆ ಕಾರಣ ಆ ಠಾಣೆ. ಕಬ್ಬಿಣದ ಪೆಟ್ಟಿಗೆಗಳನ್ನು ಸಾಲಾಗಿ ಜೋಡಿಸಿದಂಥ ಕೋಣೆಗಳು, ಹೊರಗೆ ಮರ ಇಲ್ಲ, ಹುಲ್ಲಿಲ್ಲ, ಬರೀ ಧೂಳು. "ನಮ್ಮ ಕ್ಯಾಂಪು ಹೀಗೇ ಇರುದು ನೋಡು," ಎಂದು ಬೆರಳಿಟ್ಟು ತೋರಿಸುತ್ತಿದ್ದರು. "ಇದು ಮೆಸ್ಸು. ಇದರ ಹಿಂದೆ ನಾವು ಮಲಗುದು." ಇವರು ಹೇಳದಿದ್ದರೆ ಇವರು ಇರುವ ಜಾಗ ಹೇಗಿದೆಯೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಕಾಗದದಲ್ಲಿ ಇವರು ಬರೆಯುತ್ತಿದ್ದದ್ದು ಎರಡೇ: ನಾನು ಕ್ಷೇಮ, ಸೆಕೆ ಜಾಸ್ತಿ.

ಇಲ್ಲಿ ಗಲ್ಫಿನವರ ಮನೆಗಳ ಒಂದು ರಿವಾಜು ಹೇಳಬೇಕು. ರಜೆಯಲ್ಲಿ ಬಂದವರಿಗೆ ಕೆಟ್ಟ ಸುದ್ದಿ ಹೇಳುವಂತಿಲ್ಲ. ಇದನ್ನು ನನಗೆ ಕಲಿಸಿದ್ದು, ಆಮೇಲೆ ನಾವು ಮನೆ ಮಾಡಿದ ಬೆಳ್ತಂಗಡಿಯಲ್ಲಿ, ಪಕ್ಕದ ಮನೆಯ ಬ್ಯಾರಿ ಹೆಂಗಸು. ಅವರ ಗಂಡನೂ ಮೈದುನಂದಿರೂ ಅಲ್ಲೇ ದುಡಿಯುತ್ತಿದ್ದರು, ಅನುಭವದಲ್ಲಿ ನನಗಿಂತ ಹತ್ತು ವರ್ಷ ಮುಂದೆ. "ಬಂದವರ ಹತ್ರ ಯಾವುದನ್ನೂ ಹೇಳ್ಲಿಕ್ಕೆ ಹೋಗ್ಬೇಡಿ ಆಯ್ತಾ," ಎಂದಿದ್ದರು. "ನಾವು ಹೇಳಿ ಹಗುರ ಆಗ್ತೇವೆ. ಅವರು ಅಲ್ಲಿ ಹೋಗಿ ಅದನ್ನೇ ನೆನೆಸಿ ನಿದ್ದೆ ಬಿಡ್ತಾರೆ." ವರ್ಷಕ್ಕೊಮ್ಮೆ ಬರುವ ಜೀವ, ತಿಂದು ಉಂಡು ಖುಷಿಯಲ್ಲಿ ಹೋಗಲಿ ಎಂಬುದು ಎಲ್ಲರ ಲೆಕ್ಕ. ಇವರು ಬರುತ್ತಾರೆಂದರೆ ಗೋಡೆಗೆ ಬಣ್ಣ, ಹೊಸ ಟವೆಲು, ದಿನಾ ಅಂಜಲ್ ಅಥವಾ ಮಾಂಜಿ ಮೀನು. ನಲ್ವತ್ತು ದಿನದಲ್ಲಿ ಜಗಳಕ್ಕೆ ಒಂದು ದಿನ ಹಾಳು ಮಾಡುವುದೂ ಉಚಿತವಲ್ಲ. ಹಾಗಾಗಿ ಮದುವೆಯಾಗಿ ಇಪ್ಪತ್ತಾರು ವರ್ಷ ನಾವು ಜಗಳವಾಡಿದ್ದೇ ಇಲ್ಲ. ಬಂಟ್ವಾಳದ ನನ್ನ ಅಕ್ಕ ಇದನ್ನು ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದಳು.

ಇನ್ನೊಂದು ನಾನೇ ಮಾಡಿಕೊಂಡ ನಿಯಮ. ಹೋಗಬೇಡಿ ಎಂದು ಹೇಳಬಾರದು. ಮೊದಲ ಸಲ ಇವರು ಹೊರಟಾಗ ಆ ಮಾತು ಗಂಟಲವರೆಗೆ ಬಂದಿತ್ತು. ಅತ್ತೆ ಇದ್ದರು, ನಾದಿನಿಯ ಮದುವೆ ಬಾಕಿ ಇತ್ತು, ನುಂಗಿಕೊಂಡೆ. ಒಮ್ಮೆ ನುಂಗಿದ ಮೇಲೆ ಎರಡನೆಯ ಸಲ ಸುಲಭವಾಯಿತು. ಆಮೇಲೆ ಅಭ್ಯಾಸವಾಯಿತು.

ಹೇಳದೆ ಬಿಟ್ಟದ್ದು ರಾಶಿಯಾಗುತ್ತಾ ಹೋಯಿತು. ಅತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡದ್ದನ್ನು ಇವರಿಗೆ ಹೇಳಿದ್ದು ಅವರು ಎದ್ದು ಓಡಾಡಿದ ಮೇಲೆ, ಅದೂ ಸ್ವಲ್ಪ ಉಳುಕಿತ್ತು ಎಂದು. ಮಗಳು ಪಿಯುಸಿಯಲ್ಲಿ ಗಣಿತದಲ್ಲಿ ಫೇಲಾಗಿ ಒಂದು ತಿಂಗಳು ಯಾರ ಹತ್ತಿರವೂ ಮಾತಾಡದೆ ಕೂತದ್ದನ್ನು ಹೇಳಲೇ ಇಲ್ಲ. ಈಗ ಅವಳು ಪುತ್ತೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಳೆ, ದಿನವಿಡೀ ಲೆಕ್ಕವೇ. ಹನ್ನೊಂದು ವರ್ಷದ ಹಿಂದೆ ನನ್ನ ಎದೆಯಲ್ಲಿ ಒಂದು ಗಡ್ಡೆ ಕಾಣಿಸಿಕೊಂಡಿತು. ಮಂಗಳೂರಿನಲ್ಲಿ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಹತ್ತು ದಿನ ಕಾಯಬೇಕಾಯಿತು. ಆ ಹತ್ತು ದಿನವೂ ಸಂಜೆ ಇವರ ಫೋನು ಬರುತ್ತಿತ್ತು. ನಾನು ಬಂಗುಡೆಗೆ ಎಷ್ಟಾಗಿದೆ, ಮಳೆ ಎಷ್ಟು ಬಂತು ಎಂದು ಹೇಳುತ್ತಿದ್ದೆ. ಗಡ್ಡೆ ಕೆಟ್ಟದ್ದಲ್ಲವೆಂದು ತಿಳಿದ ದಿನ ಬಸ್ಸಿನಲ್ಲಿ ಕೂತು ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಮರುವರ್ಷ ರಜೆಯಲ್ಲಿ ಬಂದಾಗ ಇವರು ಆ ಕಲೆ ನೋಡಿ ಏನೆಂದು ಕೇಳಿದರು. ಕುರು ಆಗಿತ್ತು ಎಂದೆ. ಇವರು ನಂಬಿದರು.

ಇಷ್ಟರ ನಡುವೆ ಆ ಸಿನಿಮಾ ಮಾತ್ರ ತಪ್ಪಲಿಲ್ಲ. ಪ್ರತಿ ರಜೆಯಲ್ಲೂ ಎರಡನೆಯ ಭಾನುವಾರ ಮಧ್ಯಾಹ್ನ ಅದು ಆಗಲೇಬೇಕು. ನಮ್ಮ ಮಳೆಗೆ ಕ್ಯಾಸೆಟ್ಟಿನ ಟೇಪಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ನಾನು ಲ್ಯಾಬಿನಿಂದ ಸ್ಪಿರಿಟ್ ತಂದು ಹತ್ತಿಯಲ್ಲಿ ಒರೆಸುತ್ತಿದ್ದೆ. ಕೊನೆಗೊಮ್ಮೆ ಟೇಪು ಯಂತ್ರಕ್ಕೆ ಸುತ್ತಿಕೊಂಡು ತುಂಡಾಯಿತು. ಮುಂದಿನ ಸಲ ಇವರು ಸಿಡಿ ತಂದರು. ಅದರ ಚಿತ್ರ ಎಷ್ಟು ಸ್ವಚ್ಛವೆಂದರೆ, ಗಿಡಗಳನ್ನು ಎಳೆಯುವ ದಾರ ಮೊದಲ ಸಲ ಕಾಣಿಸಿತು. ನನಗೆ ಬೇಸರವಾಗಬಹುದೆಂದು ಇವರು ನನ್ನ ಮುಖ ನೋಡಿದರು. ಬೇಸರವಾಗಲಿಲ್ಲ. ದಾರ ಕಂಡರೂ ಗಿಡ ಬಾಗಿದಾಗ ಬೆನ್ನು ತಣ್ಣಗಾಯಿತು. ರಜೆ ಸಿಗದ ಒಂದು ವರ್ಷ ಇವರು ಅಲ್ಲಿ, ನಾನು ಇಲ್ಲಿ, ಫೋನಿನಲ್ಲಿ ಒಂದು ಎರಡು ಮೂರು ಎಣಿಸಿ ಒಟ್ಟಿಗೇ ಶುರು ಮಾಡಿ ನೋಡಿದ್ದೂ ಉಂಟು. ಇವರದ್ದು ಸ್ವಲ್ಪ ಮುಂದೆ ಓಡುತ್ತಿತ್ತು. ಇಲ್ಲಿ ಅವನು ಬಾಗಿಲು ತಟ್ಟುವ ಮೊದಲೇ ಫೋನಿನಲ್ಲಿ ತಟ್ಟಿದ ಸದ್ದು ಕೇಳುತ್ತಿತ್ತು.

ಮುಗಿದ ಮೇಲೆ ಒಂದು ವಾದ ಇರಲೇಬೇಕು. ಅವಳು ಬಾಗಿಲು ತೆಗೆದಳೇ, ಇಲ್ಲವೇ? ತೆಗೆದಳು ಎಂದು ಇವರು. ತೆಗೆಯಲಿಲ್ಲ ಎಂದು ನಾನು. "ಡಾಕ್ಟರಿಕೆ ಕಲಿತವಳು, ತಲೆ ಇದ್ದವಳು, ಗೊತ್ತಿದ್ದೂ ತೆಗೀತಾಳಾ?" ಎಂದು ನಾನು ಕೇಳುತ್ತಿದ್ದೆ. "ತೆಗೀಲೇಬೇಕಲ್ಲ ಮಾರಾಯ್ತಿ, ಅವ ಎಲ್ಲಿಗೆ ಹೋಗುದು?" ಎಂದು ಇವರು. ನಾನು ಆ ಮಾತನ್ನು ಅಷ್ಟಕ್ಕೇ ಬಿಡುತ್ತಿದ್ದೆ. ಜಗಳವಾಡದ ಗಂಡ ಹೆಂಡತಿಗೆ ವಾದ ಮಾಡಲು ಒಂದು ವಿಷಯ ಸಿಕ್ಕಿತಲ್ಲ ಎಂದು ಖುಷಿ ಪಡುತ್ತಿದ್ದೆ, ಹೆಚ್ಚು ಯೋಚಿಸಲಿಲ್ಲ.

ಕಳೆದ ವರ್ಷ ಆ ಕ್ಯಾಂಪು ಮುಚ್ಚಿತು. ಇವರು ಎರಡು ಸೂಟ್‌ಕೇಸಿನೊಂದಿಗೆ ಪೂರ್ತಿಯಾಗಿ ಬಂದರು. ಹೇಳಿಕೊಳ್ಳಲು ಕಷ್ಟವಾದರೂ ಹೇಳುತ್ತೇನೆ: ಮೊದಲ ನಲ್ವತ್ತು ದಿನ ಬಹಳ ಚೆನ್ನಾಗಿತ್ತು. ನಲ್ವತ್ತೊಂದನೆಯ ದಿನ ಬೆಳಿಗ್ಗೆ ಎದ್ದಾಗ ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ರಜೆ ಮುಗಿದಿತ್ತು, ಬಂದವರು ಹೋಗಿರಲಿಲ್ಲ. ಬೇರೆ ಏನೂ ಗೊತ್ತಿಲ್ಲದ ಕಾರಣ ನಾನು ಅದನ್ನೇ ಮುಂದುವರಿಸಿದೆ. ದಿನಾ ಮೀನು. ಮಡಿಸಿದ ಟವೆಲು. ಒಳ್ಳೆಯ ಲೋಟ. ಕೆಲಸದಲ್ಲಿ ಏನಾದರೂ ಕಿರಿಕಿರಿಯಾದರೆ ಬಸ್‌ಸ್ಟ್ಯಾಂಡಿನಲ್ಲೇ ಮುಖ ಸರಿ ಮಾಡಿಕೊಂಡು ಮನೆಗೆ ಬರುವುದು. ಇವರೂ ನೆಂಟರ ಹಾಗೆಯೇ ಇದ್ದರು. ಮಾಡಿ ಹಾಕಿದ್ದೆಲ್ಲ ಚೆನ್ನಾಗಿದೆ ಎಂದು ತಿನ್ನುತ್ತಿದ್ದರು. ಚಹಾ ಪುಡಿ ಎಲ್ಲಿದೆ ಎಂದು ಕೇಳಿ, ನಾನು ಹೇಳಿದ ಮೇಲೂ ಡಬ್ಬಿ ಮುಟ್ಟಲು ಹಿಂಜರಿಯುತ್ತಿದ್ದರು.

ಕೈ ಸುಮ್ಮನಿರುವ ಮನುಷ್ಯ ಅಲ್ಲ. ಮಿಕ್ಸಿ ಬಿಚ್ಚಿ ಜೋಡಿಸಿದರು, ಪಂಪು ಸರಿ ಮಾಡಿದರು, ಪಕ್ಕದ ಮನೆಯ ಎರಡೂ ಎ.ಸಿ. ತೊಳೆದುಕೊಟ್ಟರು. ನಾಲ್ಕನೆಯ ತಿಂಗಳಿಗೆ ರಿಪೇರಿ ಮಾಡಲು ಏನೂ ಉಳಿಯಲಿಲ್ಲ. ನಾನು ಕೆಲಸಕ್ಕೆ ಹೋಗುವಾಗ ಗೇಟಿನ ಹತ್ತಿರ ನಿಂತಿರುತ್ತಿದ್ದರು, ಬರುವಾಗಲೂ ಅಲ್ಲೇ ನಿಂತಿರುತ್ತಿದ್ದರು. ಒಂದು ಭಾನುವಾರ ಹಳೆಯ ಮ್ಯಾನೇಜರನ ಫೋನು ಬಂತು. ಬೇರೊಂದು ಕಡೆ ಹೊಸ ಕ್ಯಾಂಪು, ಎರಡು ವರ್ಷದ ಕೆಲಸ, ಗುರುವಾರದೊಳಗೆ ಹೇಳಬೇಕು.

"ಎಂತ ಮಾಡುವ?" ಎಂದು ಇವರು ನನ್ನನ್ನು ಕೇಳಿದರು.

"ನಿಮಗೆ ಹೇಗೆ ಸರಿ ಕಾಣ್ತದೋ ಹಾಗೆ," ಎಂದೆ. ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

ಇವರು ಹೋಗುವುದು ನನಗೆ ಬೇಡವಾಗಿತ್ತು. ಐವತ್ತು ದಾಟಿದ್ದೇನೆ, ಇನ್ನು ಎರಡು ವರ್ಷ ಕಾಯುವ ತಾಳ್ಮೆ ನನ್ನಲ್ಲಿರಲಿಲ್ಲ. ಆದರೆ ಮನೆಯಲ್ಲಿ ಒಬ್ಬ ನೆಂಟನನ್ನು ವರ್ಷವಿಡೀ ಸುಧಾರಿಸುವ ಶಕ್ತಿಯೂ ಇರಲಿಲ್ಲ. ಹೋದರೆ ಸ್ವಲ್ಪ ಉಸಿರಾಡಬಹುದು ಎಂಬ ಯೋಚನೆಯೂ ಒಂದು ಕ್ಷಣ ಬಂದುಹೋಯಿತು. ಆ ಯೋಚನೆ ಬಂದದ್ದಕ್ಕೆ ನನಗೆ ನನ್ನ ಮೇಲೇ ಸಿಟ್ಟು ಬಂತು.

ಆ ವಾರವೇ ನಮ್ಮ ಕಾಲೇಜಿನ ಮಕ್ಕಳ ಸಿನಿಮಾ ಕೂಟದಲ್ಲಿ ಇದೇ ಸಿನಿಮಾ ಹಾಕುವುದೆಂದು ಮೊದಲೇ ನಿಗದಿಯಾಗಿತ್ತು. ಯಾವಾಗಲೋ ಲ್ಯಾಬಿನಲ್ಲಿ ಮಾತಿಗೆ ಮಾತು ಬಂದು, ಮೂವತ್ತು ಸಲ ನೋಡಿದ್ದೇನೆ ಎಂದು ಬಾಯಿಬಿಟ್ಟಿದ್ದೆ. ಅದನ್ನು ಹಿಡಿದುಕೊಂಡು ಮಕ್ಕಳು, ಮುಗಿದ ಮೇಲೆ ನೀವು ನಾಲ್ಕು ಮಾತಾಡಬೇಕು ಎಂದು ಗಂಟುಬಿದ್ದರು. ಮಂಗಳವಾರ ಮಧ್ಯಾಹ್ನ. ಇವರನ್ನೂ ಬನ್ನಿ ಎಂದು ಕರೆದೆ. ಮನೆಯಲ್ಲಿ ಕೂತು ಗುರುವಾರದ ಬಗ್ಗೆ ಯೋಚಿಸುವುದು ತಪ್ಪಲಿ ಎಂದು. ಇವರು ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಕಾರಿನಲ್ಲಿ ಬಂದು ಹಿಂದಿನ ಸಾಲಿನಲ್ಲಿ ಕೂತರು.

ಕಪ್ಪು ಪರದೆ ಎಳೆದು ಶುರು ಮಾಡಿದರು. ಈಗಿನ ಮಕ್ಕಳು ನೋಡದ ಸಿನಿಮಾ ಇಲ್ಲ. ಗಾಳಿ ಊಳಿಟ್ಟಾಗ ನಕ್ಕರು. ದಾರ ಕಂಡಾಗ ಚಪ್ಪಾಳೆ ತಟ್ಟಿ ನಕ್ಕರು. ಅರ್ಧದಷ್ಟು ಜನರ ಕೈಯಲ್ಲಿ ಫೋನಿನ ಬೆಳಕಿತ್ತು. ನಾನು ಪಕ್ಕದಲ್ಲಿ ನಿಂತು ಆ ಬೆಳಕುಗಳನ್ನು ಗಮನಿಸುತ್ತಿದ್ದೆ. ಅವನು ತಿರುಗಿ ಬಂದು ಬಾಗಿಲು ತಟ್ಟಿದ ಮೇಲೆ ಅವು ಒಂದೊಂದಾಗಿ ಆರಿದವು. ಕೊನೆಯ ಕಾಲು ಗಂಟೆ ಯಾರೂ ಕೆಮ್ಮಲೂ ಇಲ್ಲ. ದೀಪ ಹಾಕಿದಾಗ ಒಬ್ಬ ಹುಡುಗ ತನ್ನ ಪಕ್ಕದವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಸ್ವಲ್ಪ ಜರುಗಿ ಕೂತ. ಎಲ್ಲರೂ ನಕ್ಕರು, ಆದರೆ ಆ ನಗು ಮೊದಲಿನಂತಿರಲಿಲ್ಲ.

ನಾನು ಬರೆದು ತಂದದ್ದನ್ನು ಹೇಳಿದೆ. ಮೊದಲು ತಪ್ಪುಗಳ ಪಟ್ಟಿ. ಅದನ್ನು ಬಿಡುವುದು ನನ್ನಿಂದ ಆಗದು. ಆಮೇಲೆ, ಇಷ್ಟು ತಪ್ಪಿದ್ದೂ ಇದು ಯಾಕೆ ಹಳತಾಗಿಲ್ಲ ಎಂದು. ಇದರಲ್ಲಿ ರಾಕ್ಷಸನನ್ನು ಒಮ್ಮೆಯೂ ತೋರಿಸುವುದಿಲ್ಲ, ಆದ್ದರಿಂದ ಹೆದರಿಕೆಗೆ ವಯಸ್ಸಾಗುವುದಿಲ್ಲ. ರಬ್ಬರಿನ ಮುಖವಾಡ ಹಾಕಿದ್ದರೆ ನೀವು ಇವತ್ತು ಎದ್ದು ಹೋಗುತ್ತಿದ್ದಿರಿ. ಇಲ್ಲಿರುವುದು ನಮ್ಮವನೇ, ಆದರೆ ನಮ್ಮವನೋ ಅಲ್ಲವೋ ಎಂಬ ಸಂಶಯ. ಆ ಸಂಶಯ ಯಾವ ಕಾಲದ ಯಾವ ಮನೆಗೂ ಬರಬಹುದು. ಇಷ್ಟು ಹೇಳಿ ಕೂತೆ. ಚೆನ್ನಾಗಿ ಮಾತಾಡಿದೆ ಎಂದೇ ಅನಿಸಿತ್ತು.

ಒಬ್ಬಳು ಹುಡುಗಿ ಎದ್ದು ಕೇಳಿದಳು, "ಮೇಡಂ, ಅವಳು ಬಾಗಿಲು ತೆಗೀತಾಳಾ ಇಲ್ವಾ?"

"ತೆಗೆಯುವುದಿಲ್ಲ," ಎಂದೆ. "ನಮ್ಮವರ ಅಭಿಪ್ರಾಯ ಬೇರೆ. ಬೇಕಾದರೆ ಅವರನ್ನೇ ಕೇಳಿ."

ಎಲ್ಲರೂ ಹಿಂದಕ್ಕೆ ತಿರುಗಿದರು. ಇವರು ಸಭೆಯಲ್ಲಿ ಮಾತಾಡಿ ಅಭ್ಯಾಸ ಇಲ್ಲದವರು. ಎದ್ದು, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ ಹೇಳಿದರು.

"ನನಗೆ ಬಾಗಿಲಿನದ್ದು ಗೊತ್ತಿಲ್ಲ. ನಾನು ಪ್ರತಿ ಸಲ ಅವನನ್ನೇ ನೋಡುದು. ಅವ ಎರಡು ದಿವಸ ಧೂಳಲ್ಲಿ ಇದ್ದು ಬಂದವ. ಬಂದ ಮೇಲೆ ಎಲ್ಲರೂ ಅವನನ್ನು ನೋಡ್ತಾರೆ. ಹೇಗೆ ಕುಡೀತಾನೆ, ಹೇಗೆ ಕೂರ್ತಾನೆ ಅಂತ. ಒಳ್ಳೆ ಕುರ್ಚಿ ಕೊಡ್ತಾರೆ. ಆದ್ರೆ ಅವ ಇಲ್ಲದಾಗ ಒಳಗೆ ಎಂತ ಎಂತ ಆಯ್ತು ಅಂತ ಒಬ್ಬರೂ ಅವನ ಹತ್ರ ಹೇಳುದಿಲ್ಲ. ಅವ ಬಂದ ಕೂಡ್ಲೆ ಎಲ್ಲರ ಮಾತು ನಿಲ್ತದೆ. ಅವ ನಿಜವಾಗಿ ಅವನೇ ಆಗಿದ್ರೂ, ಹಾಗೆ ಮಾಡಿದ್ರೆ ನಾಲ್ಕು ದಿವಸದಲ್ಲಿ ಬೇರೆಯವ ಆಗ್ತಾನೆ."

ಹೇಳಿ ಕೂತರು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ತಟ್ಟಲು ಆಗಲಿಲ್ಲ. ಮೂವತ್ತು ಸಲ ನೋಡಿದ ಸಿನಿಮಾ, ಪ್ರತಿ ಸಲವೂ ನಾನು ಆ ಡಾಕ್ಟರ್ ಹೆಂಗಸಿನ ಜೊತೆ ನಿಂತು ಅವನನ್ನು ನೋಡಿದ್ದೆ. ಪಕ್ಕದಲ್ಲಿ ಕೂತ ಇವರು ಅವನ ಜೊತೆ ನಿಂತು ನಮ್ಮನ್ನು ನೋಡುತ್ತಿದ್ದರು. ಊರಿಡೀ ತಪ್ಪು ಹುಡುಕುವ ನನಗೆ ಇದು ಇಪ್ಪತ್ತಾರು ವರ್ಷ ಕಾಣಿಸಲಿಲ್ಲ.

ವಾಪಸು ಬರುವಾಗ ಕಾರು ವೇಣೂರು ದಾಟಿತು. ಆಮೇಲೆ ನಾನು ರಸ್ತೆ ನೋಡುತ್ತಾ ಹೇಳಲು ಶುರು ಮಾಡಿದೆ. ಯಾವ ಕ್ರಮವೂ ಇರಲಿಲ್ಲ. ಅತ್ತೆಗೆ ಉಳುಕಿದ್ದಲ್ಲ, ಸೊಂಟ ಮುರಿದದ್ದು, ಎರಡು ತಿಂಗಳು ಮಲಗಿದಲ್ಲೇ ಇದ್ದರು. ನಾದಿನಿ ಒಮ್ಮೆ ಗಂಡನ ಮನೆ ಬಿಟ್ಟು ಬಂದು ನಮ್ಮಲ್ಲೇ ಮೂರು ವಾರ ಇದ್ದಳು. ಮಗಳು ಫೇಲಾಗಿದ್ದಳು. ಇವರು ಹೂಂ, ಹೂಂ ಎನ್ನುತ್ತಾ ಕಾರು ಬಿಡುತ್ತಿದ್ದರು. ಗಡ್ಡೆಯ ವಿಷಯಕ್ಕೆ ಬಂದಾಗ ಗುರುವಾಯನಕೆರೆ ಹತ್ತಿರವಿತ್ತು. ಇವರು ಕಾರನ್ನು ಬದಿಗೆ ತೆಗೆದು ನಿಲ್ಲಿಸಿದರು.

"ಕುರು ಅಂದಿದ್ದೆ," ಎಂದರು.

"ಹೌದು."

ಮತ್ತೆ ಕಾರು ಸ್ಟಾರ್ಟ್ ಮಾಡಿದರು. ಅಂಗಳದಲ್ಲಿ ಕಾರಿನಿಂದ ಇಳಿದು, ಬಾಗಿಲನ್ನು ಧಡಾರನೆ ಹಾಕಿ, ಮದುವೆಯಾದ ಮೇಲೆ ಮೊದಲ ಸಲ ನನ್ನ ಮೇಲೆ ಬೊಬ್ಬೆ ಹೊಡೆದರು.

"ಹತ್ತು ದಿವಸ ನನ್ನ ಹತ್ರ ಬಂಗುಡೆಗೆ ಎಷ್ಟು ಅಂತ ಮಾತಾಡಿದ್ದಲ್ಲ ನೀನು?"

"ಹೇಳಿ ಎಂತ ಆಗ್ಲಿಕ್ಕಿತ್ತು? ಅಲ್ಲಿಂದ ಓಡಿ ಬರ್ತಿದ್ರಾ?"

"ಬರ್ಲಿಕ್ಕೆ ಆಗದಿದ್ರೆ ಎಂತ, ನಾನು ನಿನ್ನ ಗಂಡ ಅಲ್ವಾ?"

"ಗಂಡ ಹೌದು. ಮನೆಗೆ ಬಂದಾಗೆಲ್ಲ ನೆಂಟ."

ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಇವರ ಮುಖ ಕೆಂಪಾಯಿತು. ನೆಂಟ ಮಾಡಿದ್ದು ಯಾರು, ನಾನು ಕೇಳಿದ್ದೆನಾ ಹೊಸ ಟವೆಲು ಎಂದು ಶುರು ಮಾಡಿದರು. ನಾನೂ ಬಿಡಲಿಲ್ಲ. ಇಪ್ಪತ್ತಾರು ವರ್ಷದ್ದು ಒಟ್ಟಿಗೇ ಬಂದಾಗ ಕ್ರಮ ಎಲ್ಲಿಂದ ಬರಬೇಕು? ಮಗಳು ಹುಟ್ಟಿದಾಗ ಇವರು ಇಲ್ಲದ್ದು, ಕಾಗದದಲ್ಲಿ ಎರಡೇ ಗೆರೆ ಬರೆದದ್ದು, ಎಲ್ಲ ಬಂತು. ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿ, "ಎಂತ ಆಯ್ತು?" ಎಂದು ಗಾಬರಿಯಲ್ಲಿ ಕೇಳಿದರು. "ಎಂತ ಇಲ್ಲ, ಜಗಳ," ಎಂದೆ. "ಓ, ಹಾಗಾ," ಎಂದು ಅವರು ಒಳಗೆ ಹೋದರು.

ಕೊನೆಗೆ ನಾನು ಹೇಳಿದೆ, "ಹೋಗಿ ಅಂತ ನಾನು ಹೇಳ್ಬೇಕು ಅಂತ ಕಾಯ್ತಾ ಇದ್ದೀರಾ? ಹೇಳುದಿಲ್ಲ. ಹೋಗ್ಬೇಡಿ. ನೀವು ಹೋಗುದು ನನಗೆ ಇಷ್ಟ ಇಲ್ಲ. ಯಾವತ್ತೂ ಇರ್ಲಿಲ್ಲ."

ಇವರು ಕಾರಿನ ಕೀಲಿ ಹಿಡಿದುಕೊಂಡು ಒಳಗೆ ಹೋದರು.

ಆ ದಿನ ಸಂಜೆ ಮೀನು ತರಲಿಲ್ಲ, ಅನ್ನವೂ ಮಾಡಲಿಲ್ಲ. ಗಂಜಿ ಬೇಯಿಸಿ ಚಟ್ನಿ ಅರೆದೆ. ಇವರು ಬಂದು ಕೂತು ಉಂಡರು. "ಚಟ್ನಿಗೆ ಉಪ್ಪು ಜಾಸ್ತಿ," ಎಂದರು. ನಾನು ಮಾಡಿದ ಅಡಿಗೆಗೆ ಇವರು ಹೆಸರಿಟ್ಟದ್ದು ಅದೇ ಮೊದಲು. ನಾಳೆ ನೀವೇ ಅರೆಯಿರಿ ಎಂದೆ. ಬುಧವಾರ ನಾನು ಕೆಲಸದಿಂದ ಬರುವಾಗ ಗೇಟಿನಲ್ಲಿ ಯಾರೂ ಇರಲಿಲ್ಲ. ಇವರು ಅಡಿಗೆಮನೆಯಲ್ಲಿ ಮಿಕ್ಸಿಯ ಮುಚ್ಚಳ ಹುಡುಕುತ್ತಿದ್ದರು. ಚಟ್ನಿಗೆ ಉಪ್ಪೇ ಇರಲಿಲ್ಲ.

ಗುರುವಾರ ಬೆಳಿಗ್ಗೆ ಇವರು ಮ್ಯಾನೇಜರಿಗೆ ಫೋನು ಮಾಡಿದರು. ನಾನು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದೆ, ಆದರೂ ಬಾಗಿಲ ಹತ್ತಿರ ನಿಂತೆ. ಹಿಂದಿಯಲ್ಲಿ ಮಾತು. ಬರಲು ಆಗುವುದಿಲ್ಲ, ಮನೆಯಲ್ಲಿ ಕೆಲಸ ಇದೆ ಎಂದರು. ಆ ಕಡೆಯವನು ಏನು ಕೆಲಸ ಎಂದು ಕೇಳಿರಬೇಕು. ಬಹಳ ಇದೆ ಎಂದರು. ಫೋನು ಇಟ್ಟು ಬಂದು ಅಡಿಗೆಮನೆಯ ಸ್ಟೂಲಿನ ಮೇಲೆ ಕೂತರು. ನಾನು ಬಸ್ಸು ಬಿಟ್ಟು ಎರಡು ಲೋಟ ಚಹಾ ಮಾಡಿದೆ.

"ಒಂದು ಕೇಳ್ತೇನೆ," ಎಂದರು. "ಮೊದಲ ಸಲ ಹೋಗುವಾಗಲೇ ಯಾಕೆ ಹೇಳಿಲ್ಲ, ಹೋಗ್ಬೇಡಿ ಅಂತ?"

"ಹೇಳಿದ್ರೆ ನಿಲ್ತಿದ್ರಾ?"

ಇವರು ಯೋಚಿಸಿದರು. ನನ್ನನ್ನು ಸಮಾಧಾನ ಮಾಡಲು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲ," ಎಂದರು. "ನಿಲ್ತಿರ್ಲಿಲ್ಲ. ಹೋಗ್ತಿದ್ದೆ."

"ಮತ್ತೆ?"

"ಅಲ್ಲಿ ಮಲಗುವಾಗ ಅದೊಂದು ಮಾತು ಇರ್ತಿತ್ತಲ್ಲ, ಮಾರಾಯ್ತಿ."